ಕೆಟ್ಟುಹೋದ ಒಂದು ಚಿತ್ರ

ಹಳೆಯ ಮನೆಗಳ ಡಬ್ಬಿಗಳಿಗೆ ಒಂದು ಸ್ವಭಾವವುಂಟು. ಮೇಲೆ ಏನು ಬರೆದಿದೆಯೋ ಅದು ಒಳಗೆ ಇರುವುದಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ತೆರೆದರೆ ಸೂಜಿ, ದಾರ, ಗುಂಡಿಗಳು. ಹಾರ್ಲಿಕ್ಸ್ ಸೀಸೆಯಲ್ಲಿ ಸಾಸಿವೆ. ‘ಸಾಸಿವೆ’ ಎಂದು ನನ್ನ ತಂದೆಯವರ ದುಂಡಾದ ಅಕ್ಷರದಲ್ಲಿ ಬರೆದಿರುವ ಡಬ್ಬಿಯಲ್ಲಿ ಎಂದೋ ತೀರಿದ ಸಾಲದ ಚೀಟಿಗಳು. ಆದ್ದರಿಂದ ಹೋದ ವರ್ಷ ಮಳೆಗಾಲಕ್ಕೆ ಮೊದಲು ಗಂಗೊಳ್ಳಿಯ ನಮ್ಮ ಮನೆಯ ಅಟ್ಟವನ್ನು ಚೊಕ್ಕಟ ಮಾಡುವಾಗ ನನ್ನ ತಾಯಿಯ ಹಪ್ಪಳದ ಡಬ್ಬಿ ಕೈಗೆ ಸಿಕ್ಕರೆ, ಅದರಲ್ಲಿ ಹಪ್ಪಳವಿರಬಹುದೆಂದು ನಾನೇನೂ ಆಸೆಪಡಲಿಲ್ಲ. ತಾಯಿ ತೀರಿಕೊಂಡು ಹನ್ನೊಂದು ವರ್ಷಗಳಾಗಿವೆ. ಮುಚ್ಚಳ ತುಕ್ಕು ಹಿಡಿದು ಡಬ್ಬಿಗೇ ಅಂಟಿಕೊಂಡಿತ್ತು. ಸೌಟಿನ ಹಿಡಿಯಿಂದ ಮೀಟಿ ಎಬ್ಬಿಸಬೇಕಾಯಿತು. ಒಳಗೆ, ತಳದಲ್ಲಿ, ಬಟ್ಟೆಯ ಗಂಟಿನಲ್ಲಿ ಹುರಿದ ಅಕ್ಕಿ. ಅದರ ಮೇಲೆ ನನ್ನ ಅಗ್ಫಾ ಕ್ಲಿಕ್ ಕ್ಯಾಮರಾ. ಪಕ್ಕದಲ್ಲಿ ಬಾಳೆನಾರಿನಿಂದ ಕಟ್ಟಿದ ನೆಗೆಟಿವುಗಳ ಒಂದು ಕಟ್ಟು.

ನಾನು ಅಟ್ಟದ ಮೇಲೆಯೇ ಕುಳಿತುಬಿಟ್ಟೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಮೊಮ್ಮಗಳು, “ಅಜ್ಜ, ಏನು ಸಿಕ್ಕಿತು?” ಎಂದು ಎರಡು ಸಲ ಕೂಗಿದಳು. ಏನು ಸಿಕ್ಕಿತೆಂದು ಹೇಳಲಿ?

ಈ ಕ್ಯಾಮರಾದ ಚರಿತ್ರೆ ದೊಡ್ಡದೇನಲ್ಲ. ಜರ್ಮನಿಯ ಅಗ್ಫಾ ಕಂಪನಿಯ ಮಾದರಿ. ನಮ್ಮಲ್ಲಿ ಅದನ್ನು ಬರೋಡೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿತ್ತು. 1960, 70ರ ದಶಕಗಳಲ್ಲಿ ಎಷ್ಟೋ ಮಧ್ಯಮವರ್ಗದ ಮನೆಗಳ ಮದುವೆ, ನಾಮಕರಣ, ಯಾತ್ರೆಗಳೆಲ್ಲ ಈ ಕರಿಯ ಪೆಟ್ಟಿಗೆಯ ಕಣ್ಣಿನಿಂದಲೇ ಹಾದುಹೋಗಿವೆ. ಅದರಲ್ಲಿ ತಿರುಗಿಸುವುದಕ್ಕೆ, ಹೊಂದಿಸುವುದಕ್ಕೆ ಹೆಚ್ಚೇನೂ ಇಲ್ಲ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಆಕಾಶವನ್ನು ತುಸು ಗಾಢವಾಗಿಸಲು ಒಂದು ಹಳದಿ ಗಾಜು. ಹಾಕುವುದು 120 ಎಂಬ ಅಗಲವಾದ ರೋಲು; ಒಂದು ರೋಲಿಗೆ ಚೌಕಾಕಾರದ ಹನ್ನೆರಡು ಚಿತ್ರ. ಹಿಂದುಗಡೆ ಒಂದು ಸಣ್ಣ ಕೆಂಪು ಕಿಟಕಿ. ಒಂದು ಚಿತ್ರ ತೆಗೆದ ಮೇಲೆ ಆ ಕಿಟಕಿಯಲ್ಲಿ ಮುಂದಿನ ಅಂಕೆ ಬರುವವರೆಗೆ ರೋಲನ್ನು ತಿರುಗಿಸಬೇಕು. ಮರೆತರೆ ಒಂದು ಚಿತ್ರದ ಮೇಲೆ ಇನ್ನೊಂದು ಬಂದು ಕೂರುತ್ತದೆ. ನೀವು ಮರೆತಿರೆಂದು ಕ್ಯಾಮರಾ ಎಚ್ಚರಿಸುವುದಿಲ್ಲ. ಅದು ಆ ಕಾಲದ ಉಪಾಧ್ಯಾಯರ ಹಾಗೆ, ತಪ್ಪನ್ನು ಪರೀಕ್ಷೆಯ ಫಲ ಬಂದ ಮೇಲೆಯೇ ತೋರಿಸುತ್ತದೆ.

ಕುಂದಾಪುರದ ಭಂಡಾರ್ಕರ್ಸ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1971ರಲ್ಲಿ, ಊರು ಬಿಟ್ಟು ಹೋಗುತ್ತಿದ್ದ ಸಹಪಾಠಿಯೊಬ್ಬನಿಂದ ಅದನ್ನು ಅರ್ಧ ಬೆಲೆಗೆ ಕೊಂಡೆ. ತಂದೆಯವರು ಶಾಲೆಯ ಮೇಷ್ಟ್ರು. ದುಡ್ಡಿನ ವಿಷಯದಲ್ಲಿ ಬಿಗಿ. “ನಮ್ಮ ಕೋಟದ ಕಾರಂತರು 1930ರ ಆಸುಪಾಸಿನಲ್ಲೇ ಮೂಕಿ ಚಿತ್ರ ತೆಗೆದಿದ್ದರು” ಎಂದು ನಾನು ವಾದ ಹೂಡಿದೆ. “ಕಾರಂತರು ಅದರ ಜೊತೆಗೆ ಪುಸ್ತಕವನ್ನೂ ಬರೆದಿದ್ದಾರೆ, ನೀನು ಪರೀಕ್ಷೆಯನ್ನಾದರೂ ಬರೆ” ಎಂದು ಅವರು ಹೇಳಿ, ಹಣ ಕೊಟ್ಟರು.

ನಮ್ಮೂರಿನಲ್ಲಿ ಕ್ಯಾಮರಾ ಇಟ್ಟುಕೊಳ್ಳುವುದೆಂದರೆ ಬಾಣಂತಿಯನ್ನು ನೋಡಿಕೊಂಡ ಹಾಗೆ. ಗಂಗೊಳ್ಳಿಯನ್ನು ಕಾಣದವರಿಗೆ ಹೇಳುವುದಾದರೆ, ಪಡುವಣಕ್ಕೆ ಕಡಲು, ದಕ್ಷಿಣಕ್ಕೂ ಮೂಡಣಕ್ಕೂ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೆದಕ ಎಂಬ ಐದು ಹೊಳೆಗಳು ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಸಮುದ್ರ ಸೇರುವ ಅಗಲವಾದ ನೀರು, ನಡುವೆ ನಾವು. ಗಾಳಿಯಲ್ಲಿ ಉಪ್ಪು, ಗೋಡೆಯಲ್ಲಿ ತೇವ. ಮಳೆಗಾಲದ ನಾಲ್ಕು ತಿಂಗಳು ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ದೇವರ ಪಟದ ಹಿಂಬದಿ, ಎಲ್ಲಕ್ಕೂ ಬೂಷ್ಟು. ಕ್ಯಾಮರಾದ ಗಾಜಿನ ಮೇಲೂ ಈ ಬೂಷ್ಟು ಜೇಡನ ಬಲೆಯ ಹಾಗೆ ಹಬ್ಬುತ್ತದೆ. ಫಿಲ್ಮಿನ ಮೇಲಂತೂ ಅದಕ್ಕೆ ಹಬ್ಬದೂಟ. ಏಕೆಂದರೆ ಫಿಲ್ಮಿಗೆ ಬಳಿದಿರುವುದು ಜೆಲಟಿನ್. ಹುರಿದ ಅಕ್ಕಿ ತೇವವನ್ನು ಹೀರುತ್ತದೆಂಬುದು ನನ್ನ ತಾಯಿ ತಾನಾಗಿ ಕಂಡುಕೊಂಡ ವಿಜ್ಞಾನ. ಹಪ್ಪಳ ಮೆತ್ತಗಾಗದಂತೆ ಅವಳು ಮಾಡಿಕೊಂಡಿದ್ದ ಆ ಡಬ್ಬಿಯಲ್ಲಿ ಅರ್ಧ ಜಾಗವನ್ನು ನನಗೆ ಬಿಟ್ಟುಕೊಟ್ಟಳು. ಕೆಲವು ವರ್ಷ ನಮ್ಮ ಮನೆಯ ಹಪ್ಪಳಕ್ಕೆ ಹೈಪೋವಿನ ವಾಸನೆ ಸ್ವಲ್ಪ ಇದ್ದೇ ಇತ್ತು. ಜೆಲಟಿನ್ ಎಂಬುದನ್ನು ದನದ ಮೂಳೆ, ಚರ್ಮಗಳಿಂದ ತೆಗೆಯುತ್ತಾರೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮಡಿಯ ಅಡಿಗೆಮನೆಯ ನೆಮ್ಮದಿಗಾಗಿ ಆ ಜ್ಞಾನವನ್ನು ನನ್ನೊಳಗೇ ಇಟ್ಟುಕೊಂಡೆ. ಈಗ ಹೇಳುತ್ತಿದ್ದೇನೆ, ತಾಯಿ ಕ್ಷಮಿಸಲಿ.

ರೋಲು ತೊಳೆಯುವುದನ್ನು ಕುಂದಾಪುರದ ಸ್ಟುಡಿಯೋ ಒಂದರ ಮುದುಕರು ಕಲಿಸಿಕೊಟ್ಟರು. ಪುಸ್ತಕದ ಪ್ರಕಾರ ಔಷಧ 20 ಡಿಗ್ರಿ ತಂಪಾಗಿರಬೇಕು. ನಮ್ಮಲ್ಲಿ ನಡುರಾತ್ರಿಯೂ ಅದಕ್ಕಿಂತ ಬಿಸಿ. ಮಣ್ಣಿನ ಮಡಕೆಯಲ್ಲಿ ನೀರಿಟ್ಟು, ರಾತ್ರಿ ಎರಡು ಗಂಟೆಗೆ ಎದ್ದು, ಬಚ್ಚಲುಮನೆಯ ಬಾಗಿಲ ಸಂದಿಗೆ ಗೋಣಿ ತುರುಕಿ, ಕಗ್ಗತ್ತಲಲ್ಲಿ ಫಿಲ್ಮಿನ ಎರಡು ತುದಿ ಹಿಡಿದು ಔಷಧದ ಬಟ್ಟಲಲ್ಲಿ ಮೇಲೆ ಕೆಳಗೆ ಆಡಿಸುತ್ತಾ ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದೆ. ಬೇಸಗೆಯಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುತ್ತಿತ್ತು. ಹೈಪೋ ಸರಿಯಾಗಿ ಹೋಗುವುದಿಲ್ಲವೆಂದು ನಾನು ಬಾವಿಯನ್ನು ಬಯ್ಯುತ್ತಿದ್ದೆ. ಹೈಪೋವನ್ನು ತೊಳೆಯಲು ಸಿಹಿನೀರಿಗಿಂತ ಸಮುದ್ರದ ನೀರೇ ಚುರುಕೆಂದೂ, ಆಮೇಲೆ ಸಿಹಿನೀರಿನಲ್ಲಿ ಒಮ್ಮೆ ಜಾಲಿಸಿದರೆ ಸಾಕೆಂದೂ ಎರಡನೆಯ ಮಹಾಯುದ್ಧದ ಕಾಲಕ್ಕೇ ತಿಳಿದಿತ್ತೆಂಬುದನ್ನು ಇತ್ತೀಚೆಗೆ ಓದಿದೆ. ಬಾವಿಯ ಕ್ಷಮೆಯನ್ನೂ ಕೇಳಬೇಕಾಗಿದೆ. ಫಿಲ್ಮು ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಅವರದು. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ತಯಾರಿಕೆಗೆ ತೊಡಗಿದ ಸರ್ಕಾರಿ ಕಾರ್ಖಾನೆ. ಅವರ ಫಿಲ್ಮಿನ ಹೆಸರು ‘ಇಂದು’. ಅವರು ಚಂದ್ರನನ್ನು ನೆನೆದು ಇಟ್ಟ ಹೆಸರೇ ಇರಬೇಕು. ಕನ್ನಡಿಗನಾದ ನಾನು ಅದನ್ನು ‘ಈ ದಿನ’ ಎಂದೇ ಓದುತ್ತಿದ್ದೆ. ಆ ಕಾರ್ಖಾನೆ ಮುಚ್ಚಿಹೋಗಿದೆ. ‘ಇಂದು’ ಈಗ ನಿನ್ನೆಯಾಗಿದೆ.

ಆ ಕಾಲಕ್ಕೆ ಬೆಂಗಳೂರು ಛಾಯಾಗ್ರಾಹಕರ ಊರು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಇಂಥವರು ಕಾಡಿನ ಪ್ರಾಣಿಪಕ್ಷಿಗಳನ್ನು ಕಾದು ಕುಳಿತು ಹಿಡಿಯುತ್ತಿದ್ದರು; ಸಿ. ರಾಜಗೋಪಾಲ್ ಅವರ ಚಿತ್ರಗಳಲ್ಲಿ ಹಳ್ಳಿಯ ದಾರಿಯ ದೂಳೂ ಚಿನ್ನವಾಗುತ್ತಿತ್ತು. ಪತ್ರಿಕೆಗಳಲ್ಲಿ ಅಚ್ಚಾದ ಇಂಥ ಚಿತ್ರಗಳನ್ನು ಕತ್ತರಿಸಿ ಅಂಟಿಸಿಕೊಂಡು ನಾನು ಏಕಲವ್ಯನಾದೆ. ಗುರುಗಳಲ್ಲಿ ದೋಷವಿರಲಿಲ್ಲ, ಶಿಷ್ಯ ಕಲಿತದ್ದು ಅರ್ಧ. ಚಿತ್ರವೆಂದರೆ ಸೊಗಸಾಗಿರಬೇಕು, ಸೊಗಸೆಂದರೆ ಕಡಮೆ ಇರಬೇಕು, ಮನುಷ್ಯನಿದ್ದರೆ ಒಬ್ಬನೇ ಇರಬೇಕು, ಅವನೂ ದೂರದಲ್ಲಿರಬೇಕು ಎಂಬುದು ನಾನು ಮಾಡಿಕೊಂಡ ಸೂತ್ರ. ಹನ್ನೆರಡೇ ಚಿತ್ರಗಳಿರುವಾಗ ಯಾವುದನ್ನು ತೆಗೆಯಬೇಕೆಂಬುದಕ್ಕಿಂತ ಯಾವುದನ್ನು ಬಿಡಬೇಕೆಂಬುದೇ ಕಲೆ ಎಂದು ತಿಳಿದಿದ್ದೆ.

ಏನೇನು ಬಿಟ್ಟೆನೆಂಬುದನ್ನು ಈಗ ಲೆಕ್ಕ ಹಾಕಬಲ್ಲೆ. ರಂಪಣಿ ಬಲೆಯನ್ನು ಬಿಟ್ಟೆ. ಎಪ್ಪತ್ತು ಎಂಬತ್ತು ಜನ ಎರಡು ಸಾಲಾಗಿ ನಿಂತು, ‘ಐಸಾ’ ಎನ್ನುತ್ತಾ, ಕಡಲಿಗೆ ಕಡಲನ್ನೇ ಎಳೆಯುವ ಹಾಗೆ ಆ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಬಂಗುಡೆ, ಬೈಗೆಗಳ ರಾಶಿಯ ಸುತ್ತ ಹೆಂಗಸರು, ಮಕ್ಕಳು, ಕಾಗೆ, ನಾಯಿ. ನನಗೆ ಅದು ಗಲಾಟೆಯಾಗಿ ಕಂಡಿತು. ಚೌಕದೊಳಗೆ ಅದು ಹಿಡಿಸುವ ಹಾಗಿರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಕೆಲವೇ ವರ್ಷಗಳಲ್ಲಿ ರಂಪಣಿ ನಮ್ಮ ದಡದಿಂದ ಕಾಣೆಯಾಯಿತು. ಕಡವಿನ ದೋಣಿಯನ್ನು ಬಿಟ್ಟೆ. ಕುಂದಾಪುರ ನಮಗೆ ನೀರಿನ ಮೇಲೆ ಕಣ್ಣಳತೆಯ ದೂರ, ರಸ್ತೆಯಲ್ಲಿ ತ್ರಾಸಿ, ಹೆಮ್ಮಾಡಿ ಎಂದು ಸುತ್ತಿ ಹೋಗುವ ಪಯಣ. ಆದ್ದರಿಂದ ಕಾಲೇಜಿನ ಹುಡುಗರು, ಮೀನಿನ ಬುಟ್ಟಿ, ಕೋರ್ಟಿನ ಕಕ್ಷಿಗಾರರು, ಮದುಮಗಳು, ಎಲ್ಲರೂ ಅದೇ ದೋಣಿಯಲ್ಲಿ. ಅದನ್ನೂ ಬಿಟ್ಟೆ. ಹಪ್ಪಳ ಒತ್ತುತ್ತಿದ್ದ ತಾಯಿಯನ್ನು ಬಿಟ್ಟೆ. ನೆಗೆಟಿವುಗಳ ಆ ಕಟ್ಟಿನಲ್ಲಿ ಸೂರ್ಯಾಸ್ತಗಳೇ ಮೂವತ್ತೊಂದು ಇವೆ. ಸೂರ್ಯ ಇಂದಿಗೂ ಅಲ್ಲಿಯೇ ಮುಳುಗುತ್ತಿದ್ದಾನೆ.

ಕಡವಿನ ದೋಣಿ ನಡೆಸುತ್ತಿದ್ದವರಲ್ಲಿ ಒಬ್ಬನಿದ್ದ. ನನಗಿಂತ ಏಳೆಂಟು ವರ್ಷ ದೊಡ್ಡವನು. ಮೀನಿನ ಕಾಲದಲ್ಲಿ ಕಡಲಿಗೆ ಹೋಗುತ್ತಿದ್ದ. ಉಳಿದ ದಿನ ಕಡವಿನಲ್ಲಿ. ನಗುವಾಗ ಇಡೀ ಮುಖದಿಂದ ನಗುತ್ತಿದ್ದ. ನಾನು ದೋಣಿಗೆ ಹತ್ತಿದೊಡನೆ, “ಮೇಷ್ಟ್ರ ಮಾಣಿ, ಪೆಟ್ಟಿಗೆ ಒದ್ದೆ ಆತ್ತ್, ಇಲ್ಲಿ ಕೂಕೋ” ಎಂದು ಕ್ಯಾಮರಾಕ್ಕೆ ಒಣಗಿದ ಜಾಗವನ್ನು ಕಾದಿಟ್ಟು ಕೊಡುತ್ತಿದ್ದ. 1972ರ ಜನವರಿಯಲ್ಲಿ ನನಗೆ ಒಂದು ಚಿತ್ರದ ಹುಚ್ಚು ಹಿಡಿಯಿತು. ಅಳಿವೆಯ ಬಾಗಿಲಿನ ಎದುರಿಗೆ ಸೂರ್ಯ ಇಳಿಯುವ ಹೊತ್ತು, ಒಂದು ಪಾತಿ ದೋಣಿ, ಅದರ ಮೇಲೆ ಜಲ್ಲೆ ಹಿಡಿದು ನಿಂತ ಒಬ್ಬ ಮನುಷ್ಯ. ಕೇಳಿದೆ, ಒಪ್ಪಿದ. ಮೂರು ಸಂಜೆ, ದುಡಿದು ದಣಿದ ಮೇಲೆ, ನನಗಾಗಿ ಆ ನೀರಿನಲ್ಲಿ ಹೋಗಿ ನಿಂತ. ಮೂರನೆಯ ಸಂಜೆ ದಡಕ್ಕೆ ಬಂದು ಕೇಳಿದ: “ಮುಖ ಬತ್ತಾ, ಮಾಣಿ?” “ಬತ್ತ್” ಎಂದೆ. “ಹಾಂಗಾರೆ ನಂಗೊಂದ್ ಕೊಡ್” ಎಂದ.

ಮುಖ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಸೂರ್ಯನಿಗೆ ಎದುರಾಗಿ ಚಿತ್ರ ತೆಗೆದರೆ ಆಕಾಶವೂ ನೀರೂ ಬೆಳಗುತ್ತವೆ. ನಡುವೆ ನಿಂತವನು ಕರಿಯ ಆಕಾರವಾಗುತ್ತಾನೆ. ಅದೇ ಆ ಚಿತ್ರದ ಸೊಗಸು. ಬೆಂಗಳೂರಿನ ಒಂದು ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಕಾಲೇಜಿನ ಸೂಚನಾಫಲಕದಲ್ಲಿ ಹಾಕಿದರು. ತಂದೆಯವರು ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದರು. ಅವನಿಗೆ ಒಂದು ಪ್ರತಿ ಕೊಡಬೇಕೆಂದುಕೊಂಡೆ. ಕಾಗದ ಮುಗಿದಿತ್ತು, ಪರೀಕ್ಷೆ ಬಂತು. ಅವನು ಎರಡು ಸಲ ನೆನಪಿಸಿದ, ಆಮೇಲೆ ಬಿಟ್ಟ.

1973ರ ಮಳೆಗಾಲ ಮುಗಿಯುವ ಹೊತ್ತು, ಕಡಲು ಇನ್ನೂ ಸರಿಯಾಗಿ ತಣಿದಿರಲಿಲ್ಲ. ನಮ್ಮ ಅಳಿವೆಯಲ್ಲಿ ಹೊಳೆ ತಂದ ಮರಳು ದಿಬ್ಬವಾಗಿ ಕೂರುತ್ತದೆ. ಅದರ ಮೇಲೆ ತೆರೆ ಒಡೆಯುವಾಗ ದೋಣಿಗೆ ಆಚೆಯ ನಡುಗಡಲಿಗಿಂತ ಅಪಾಯ ಹೆಚ್ಚು. ಅಂಥ ಒಂದು ತೆರೆ ಅವನ ದೋಣಿಯನ್ನು ಮಗುಚಿತು. ಇಬ್ಬರು ಈಜಿ ಬಂದರು. ಅವನು ಬರಲಿಲ್ಲ, ಆಮೇಲೂ ಸಿಕ್ಕಲಿಲ್ಲ.

ಇಪ್ಪತ್ತು ದಿನಗಳ ತರುವಾಯ ಅವನ ಹೆಂಡತಿ ನಮ್ಮ ಮನೆಯ ಅಂಗಳಕ್ಕೆ ಬಂದಳು. ಕಂಕುಳಲ್ಲಿ ಒಂದು ಮಗು, ಕೈಹಿಡಿದು ಒಂದು. ಗೋಡೆಗೆ ಹಾಕುವುದಕ್ಕೆ ಅವನದೊಂದು ಫೋಟೋ ಬೇಕು. ಮೇಷ್ಟ್ರ ಮಾಣಿ ತೆಗೆದಿದ್ದಾನೆಂದು ಅವನೇ ಹೇಳಿದ್ದನಂತೆ. ನಾನು ಜಗಲಿಯ ಕಟ್ಟನ್ನೇ ಇಳಿಸಿ ಅವಳ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಬೆಳಕಿಗೆ ಹಿಡಿದಳು, ಓರೆ ಮಾಡಿ ಹಿಡಿದಳು. “ಇದ್ರಲ್ಲಿ ಅವ್ರ್ ಎಲ್ಲಿದ್ರ್?” ಎಂದಳು. ಬೆರಳಿಟ್ಟು ತೋರಿಸಿದೆ. “ಮುಖ ಎಲ್ಲಿತ್ತ್?”

ನಾನು ಏನೋ ವಿವರಿಸಿದೆ. ಇಪ್ಪತ್ತೊಂದು ವರ್ಷದ ಹುಡುಗ, ಗಂಡನನ್ನು ಕಳೆದುಕೊಂಡವಳಿಗೆ, ಬೆಳಕಿನ ಎದುರು ನಿಂತರೆ ಹೀಗಾಗುತ್ತದೆ ಎಂದು ವಿವರಿಸಿದೆ. ಬೇರೆ ಯಾವುದಾದರೂ ಇದೆಯೇ ಎಂದು ಕೇಳಿದಳು. “ಇಲ್ಲ” ಎಂದೆ. ಅವಳು ಕಟ್ಟನ್ನು ಸೆರಗಿನಿಂದ ಒರಸಿ, ಜಗಲಿಯ ಮೇಲೆ ಇಟ್ಟು, ಹೋದಳು.

ಮಾರನೆಯ ದಿನ ಆ ನೆಗೆಟಿವನ್ನು ಹಿಡಿದುಕೊಂಡು ಸ್ಟುಡಿಯೋದ ಮುದುಕರಲ್ಲಿಗೆ ಓಡಿದೆ. ಹೇಗಾದರೂ ಮಾಡಿ ಮುಖ ಎಬ್ಬಿಸಿಕೊಡಿ ಎಂದೆ. ಅವರು ಕಿಟಕಿಗೆ ಹಿಡಿದು ನೋಡಿದರು. “ಬೆಳಕು ಬಿದ್ದಲ್ಲಿ ಬೆಳ್ಳಿ ಉಳಿಯುತ್ತದೆ, ಬೀಳದ ಕಡೆ ಹೈಪೋ ಎಲ್ಲವನ್ನೂ ತೊಳೆದುಬಿಡುತ್ತದೆ. ಇಲ್ಲಿ ನೋಡು, ಬರಿಯ ಗಾಜಿನ ಹಾಗಿದೆ. ಇದ್ದರಲ್ಲವೇ ಎಬ್ಬಿಸುವುದು?” ಎಂದರು.

ಮರುವರ್ಷ ಬ್ಯಾಂಕಿನ ಕೆಲಸ ಸಿಕ್ಕಿತು. ರಾಯಚೂರು, ಬಾಗಲಕೋಟೆ, ಹಾವೇರಿ ಎಂದು ಊರೂರು ಅಲೆದೆ. ಕ್ಯಾಮರಾ ಹಪ್ಪಳದ ಡಬ್ಬಿಯಲ್ಲಿಯೇ ಉಳಿಯಿತು. ಕೇಳಿದವರಿಗೆ “ಕೆಲಸದಲ್ಲಿ ಬಿಡುವಿಲ್ಲ” ಎನ್ನುತ್ತಿದ್ದೆ. ಮಕ್ಕಳ ಚಿತ್ರಗಳನ್ನು ಹೆಂಡತಿಯೇ ತೆಗೆದಳು. ತಲೆ ಕತ್ತರಿಸಿದ್ದು, ಓರೆಯಾದದ್ದು, ಕಣ್ಣು ಮುಚ್ಚಿದ್ದು, ಎಲ್ಲವನ್ನೂ ಅವಳು ಆಲ್ಬಮ್ಮಿಗೆ ಅಂಟಿಸುತ್ತಿದ್ದಳು. ಒಂದನ್ನೂ ಎಸೆಯುತ್ತಿರಲಿಲ್ಲ. ನಾನು ಒಳಗೊಳಗೇ ನಗುತ್ತಿದ್ದೆ. ಲೋಕ ಬದಲಾಯಿತು. 2012ರ ಜನವರಿಯಲ್ಲಿ ಕೊಡಕ್ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಅದೇ ವರ್ಷ ನಾನೂ ನಿವೃತ್ತನಾದೆ. ಎರಡು ಸುದ್ದಿಗಳಲ್ಲಿ ಎರಡನೆಯದು ಪತ್ರಿಕೆಯಲ್ಲಿ ಬರಲಿಲ್ಲ.

ಮತ್ತೆ ಅಟ್ಟಕ್ಕೆ ಬರೋಣ. ನೆಗೆಟಿವುಗಳನ್ನು ನೋಡುವ ಬಗೆಯನ್ನು ಮೊಮ್ಮಗಳು ಕಂಡುಹಿಡಿದಳು. ಒಂದು ಮೊಬೈಲಿನ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಅದರ ಮೇಲೆ ಬೆರಳೆತ್ತರ ಬಿಟ್ಟು ಹಾಲಿನ ಬಣ್ಣದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೆಗೆಟಿವು. ಮೇಲಿನಿಂದ ಇನ್ನೊಂದು ಮೊಬೈಲಿನಲ್ಲಿ ಚಿತ್ರ ತೆಗೆದು, ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುವುದು. ನಾನು ರಾತ್ರಿ ಎರಡು ಗಂಟೆಗೆ ಗೋಣಿ ತುರುಕಿ ಮಾಡುತ್ತಿದ್ದುದನ್ನು ಅವಳು ಹಾಡು ಗುನುಗುತ್ತಾ ಹಾಡಹಗಲಲ್ಲಿ ಮಾಡಿದಳು. ಅಮ್ಮನ ಹುರಿದ ಅಕ್ಕಿ ತನ್ನ ಕೆಲಸ ಮಾಡಿತ್ತು. ಅಂಚಿನಲ್ಲಿ ಕೆಲವು ಕಡೆ ಬೂಷ್ಟು, ಉಳಿದದ್ದು ಕ್ಷೇಮ. ಸೂರ್ಯಾಸ್ತಗಳು ಒಂದೊಂದಾಗಿ ಬಂದವು. ಹತ್ತು ಆಗುವಷ್ಟರಲ್ಲಿ ಹುಡುಗಿ ಆಕಳಿಸಿದಳು. “ಅಜ್ಜ, ಜನರನ್ನು ತೆಗೆದಿಲ್ಲವೇ?”

ನಾನು ಉತ್ತರ ಹೇಳುವ ಮೊದಲೇ ಅವಳು ಇನ್ನೊಂದು ತುಂಡನ್ನು ಇಟ್ಟಿದ್ದಳು. ಅದರ ಒಂದು ಚೌಕದ ಮೇಲೆ ಕೆಂಪು ಪೆನ್ಸಿಲಿನಿಂದ ನಾನೇ ಹಾಕಿದ ದೊಡ್ಡ ಅಡ್ಡಗೀಟು. ಕೆಟ್ಟದ್ದು, ಮುದ್ರಿಸಬೇಕಾಗಿಲ್ಲ ಎಂಬ ಗುರುತು. “ಇದರಲ್ಲಿ ಯಾರೋ ಇದ್ದಾರೆ” ಎಂದಳು.

ಇದ್ದ. ಬಹುಮಾನ ಬಂದ ಚಿತ್ರದ ರೋಲಿನದೇ ಇನ್ನೊಂದು ತುಂಡು. ಬೆಳಗ್ಗೆ ಕಡವಿನ ದೋಣಿಯಲ್ಲಿ ಕುಳಿತು ಯಾವುದೋ ಹಾಯಿಯನ್ನು ಹಿಡಿಯಲು ಹೋಗಿರಬೇಕು. ದೋಣಿ ವಾಲಿದೆ, ಬೆರಳು ಒತ್ತಿದೆ. ನಾಲ್ಕೈದು ಅಡಿ ದೂರದಲ್ಲಿ ಅವನ ಮುಖ. ಕ್ಲಿಕ್ಕಿಗೆ ಅಷ್ಟು ಹತ್ತಿರದ್ದು ಸ್ಪಷ್ಟವಾಗುವುದಿಲ್ಲ, ಸ್ವಲ್ಪ ಮಸುಕು. ನೀರಿನ ಗೆರೆ ಓರೆಯಾಗಿ ಹೋಗಿದೆ. ಸಾಲದ್ದಕ್ಕೆ ರೋಲು ತಿರುಗಿಸಲು ಮರೆತು, ಅದರ ಮೇಲೆಯೇ ಕುಂದಾಪುರದ ಬದಿಯ ತಗಡಿನ ಮಾಡೊಂದನ್ನು ತೆಗೆದಿದ್ದೇನೆ. ಮಾಡಿನ ಅಂಚು ಅವನ ಹಣೆಯ ಮೇಲೆ ಹಾದುಹೋಗಿದೆ. ಆದರೆ ಕಣ್ಣು, ಮೂಗು, ಹಲ್ಲು, ಎಲ್ಲವೂ ಇವೆ. ಮೂಡಣದ ಎಳೆಬಿಸಿಲು ಪೂರ್ತಿ ಮುಖದ ಮೇಲೆ ಬಿದ್ದಿದೆ. ಇಡೀ ಮುಖದಿಂದ ನಗುತ್ತಿದ್ದಾನೆ. ಬಹುಶಃ, ಪೆಟ್ಟಿಗೆ ಒದ್ದೆಯಾದೀತು ಎನ್ನುತ್ತಿದ್ದಾನೆ.

ಅವಳು ಅಂಗಳದಲ್ಲಿ ನಿಂತು ಕೇಳಿದ ದಿನ ಇದು ಹಪ್ಪಳದ ಡಬ್ಬಿಯಲ್ಲಿತ್ತು; ಅವಳು ನಿಂತಿದ್ದ ಜಾಗಕ್ಕೆ ಹದಿನೈದು ಹೆಜ್ಜೆ. ನಾನು ಸುಳ್ಳು ಹೇಳಿದೆನೇ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಸುಳ್ಳಾಗಿದ್ದರೆ ಒಳ್ಳೆಯದಿತ್ತು, ಸುಳ್ಳು ಹೇಳುವವನಿಗೆ ಸತ್ಯ ಗೊತ್ತಿರುತ್ತದೆ. ನನ್ನ ಪಾಲಿಗೆ ಅದು ಚಿತ್ರವೇ ಆಗಿರಲಿಲ್ಲ. ಅಡ್ಡಗೀಟು ಹಾಕಿದ ಕ್ಷಣದಲ್ಲೇ ಅದನ್ನು ಕಾಣುವುದನ್ನು ಬಿಟ್ಟಿದ್ದೆ. ಬೆಳಕು ಬೀಳದ ನೆಗೆಟಿವಿನಲ್ಲಿ ಮುಖ ಹುಡುಕಿಕೊಂಡು ಕಡವು ದಾಟಿ ಓಡಿದವನಿಗೆ, ಬೆಳಕು ಬಿದ್ದ ನೆಗೆಟಿವನ್ನು ಬಿಚ್ಚಿ ನೋಡಬೇಕೆಂದು ಹೊಳೆಯಲಿಲ್ಲ.

ಛಾಯಾಗ್ರಹಣದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಚಿತ್ರವಿದೆ. 1838ರಲ್ಲಿ ಪ್ಯಾರಿಸ್ಸಿನ ಡಾಗೇರ್ ತನ್ನ ಕಿಟಕಿಯಿಂದ ಒಂದು ಬೀದಿಯ ಚಿತ್ರ ತೆಗೆದ. ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೇಕು. ಬೀದಿಯಲ್ಲಿ ಓಡಾಡುತ್ತಿದ್ದ ಗಾಡಿ, ಕುದುರೆ, ಜನ, ಯಾರೂ ಅದರಲ್ಲಿ ಉಳಿಯಲಿಲ್ಲ. ಬೂಟಿಗೆ ಪಾಲಿಶು ಹಾಕಿಸಿಕೊಳ್ಳುತ್ತಾ ಕಾಲು ಕದಲಿಸದೆ ನಿಂತಿದ್ದ ಒಬ್ಬ ಮಾತ್ರ ಉಳಿದ. ಫೋಟೋದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯನೆಂದು ಈಗ ಅವನನ್ನು ತೋರಿಸುತ್ತಾರೆ. ಡಾಗೇರ್ ಕಿಟಕಿ ತೆರೆದದ್ದು ಬೀದಿಗಾಗಿ. ನಾವು ಹುಡುಕುವುದು ಆ ಮನುಷ್ಯನನ್ನು. ಅವನ ಮುಖವೂ ಕಾಣುವುದಿಲ್ಲ; ಎಲ್ಲಿಯೋ ಅವನಿಗೂ ಮನೆಯವರು ಇದ್ದಿರಬೇಕು.

ಮೊಮ್ಮಗಳು ಹಣೆಯ ಮೇಲಿನ ಮಾಡನ್ನು ಅಳಿಸಿಬಿಡುತ್ತೇನೆಂದಳು. ಈಗ ಅದು ಎರಡು ನಿಮಿಷದ ಕೆಲಸವಂತೆ. ಬೇಡವೆಂದೆ. ಕುಂದಾಪುರದಲ್ಲಿ ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿದೆ. ಐವತ್ತು ವರ್ಷ ತಡವಾಗಿ ಸಾಲ ತೀರಿಸಲು ಹೋಗುವವನ ಹಾಗೆ, ಅಂಗಿ ಬದಲಾಯಿಸಿ, ಎರಡು ಸಲ ಬಾಗಿಲವರೆಗೆ ಹೋಗಿ ಹಿಂದೆ ಬಂದು, ಕೊನೆಗೆ ಹೊರಟೆ.

ಆಕೆಗೆ ನನಗಿಂತ ನಾಲ್ಕು ವರ್ಷ ಹೆಚ್ಚು ಪ್ರಾಯ. ಮಗ ಮೀನುಗಾರಿಕಾ ಬಂದರಿನಲ್ಲಿ ಮಂಜುಗಡ್ಡೆಯ ವ್ಯಾಪಾರ ಮಾಡಿ ಮನೆ ಕಟ್ಟಿಸಿದ್ದಾನೆ. ಮೊಮ್ಮಗ ಇಪ್ಪತ್ತೆಂಟು ವರ್ಷದವನು, ದೋಣಿಯ ಎಂಜಿನ್ನು ರಿಪೇರಿ ಮಾಡುತ್ತಾನೆ. ಗೋಡೆಯ ಮೇಲೆ ದೇವರುಗಳ ಸಾಲು, ಕೊನೆಯಲ್ಲಿ ಹೂಮಾಲೆ ಹಾಕಿದ ಒಂದು ಖಾಲಿ ಮೊಳೆ. ಮಾಲೆಯನ್ನು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆಂದು ಆಮೇಲೆ ತಿಳಿಯಿತು. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಗಂಟಲಿನಲ್ಲಿ ನಿಂತಿತು. ಕಟ್ಟನ್ನು ಕೈಗೆ ಕೊಟ್ಟೆ.

ಆಕೆ ಅಂದಿನ ಹಾಗೆಯೇ ಬೆಳಕಿಗೆ ಹಿಡಿದಳು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಬೆರಳಿನಿಂದ ಹಣೆಯ ಗೆರೆಯನ್ನು ಒರಸಿದಳು, ಅದು ಹೋಗಲಿಲ್ಲ. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ. ಬಹಳ ಹೊತ್ತಿನ ಮೇಲೆ, “ಇಷ್ಟ್ ಸಣ್ ಪ್ರಾಯ್ವಾ ಇವ್ರಿಗೆ?” ಎಂದಳು. ಅವಳ ನೆನಪಿನಲ್ಲಿ ಅವನೂ ಅವಳ ಜೊತೆಗೇ ಮುದುಕನಾಗುತ್ತಾ ಬಂದಿದ್ದ. ಕೈಯಲ್ಲಿದ್ದವನು ಮೊಮ್ಮಗನ ಓರಗೆಯವನು. ಮೊಮ್ಮಗ ಬಂದು ಭುಜದ ಮೇಲಿನಿಂದ ಇಣುಕಿದ. ಅದೇ ಹಲ್ಲು. ಅವನು ಅಜ್ಜನನ್ನು ನೋಡುತ್ತಿದ್ದುದು ಅದೇ ಮೊದಲು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. “ಅಂದೇ ಕೊಡಬೇಕಾಗಿತ್ತು. ಇತ್ತು. ನಾನು ನೋಡಲಿಲ್ಲ” ಎಂದಷ್ಟು ಹೇಳಿದೆ. ಆಕೆ ನನ್ನನ್ನು ಕ್ಷಮಿಸಿದಳೆಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆಕೆ ಹೇಳಿದ್ದು, “ಕೂಕೋ, ಚಾ ಕುಡ್ದ್ ಹೋಯ್ಲಕ್ಕ್” ಎಂದಷ್ಟೇ.

ಅಂದಿನಿಂದ ನಾನು ಮತ್ತೆ ಚಿತ್ರ ತೆಗೆಯುತ್ತಿದ್ದೇನೆ. ಹಳೆಯ ಹುಚ್ಚು ಮರಳಿತೆಂದು ಮನೆಯವರು ನಗುತ್ತಾರೆ; ಹಳೆಯದೇ ಆಗಿದ್ದರೆ ನಾನು ಅದನ್ನು ಮತ್ತೆ ಅಕ್ಕಿಯಲ್ಲಿ ಹೂಳುತ್ತಿದ್ದೆ. ಕ್ಲಿಕ್ಕಿನ ಗಾಜಿನ ಬೂಷ್ಟನ್ನು ಒರಸಿದೆ. 120 ರೋಲನ್ನು ಇಂಗ್ಲೆಂಡಿನ ಇಲ್‌ಫರ್ಡ್ ಕಂಪನಿ ಇಂದಿಗೂ ಮಾಡುತ್ತಿದೆ. ಬೆಲೆ ಕೇಳಿದರೆ ತಂದೆಯವರು ಎದ್ದು ಬಂದಾರು. ಬೆಳಗ್ಗೆ ಬಂದರಿನ ಕಡೆ ಹೋಗುತ್ತೇನೆ. ಬಲೆ ಹೆಣೆಯುವವರು, ಮೀನು ಆಯುವ ಹೆಂಗಸರು, ಮಸೀದಿಯ ಬದಿಯ ಚಹದಂಗಡಿಯವರು, ಇಗರ್ಜಿಗೆ ಹೋಗುವ ಮುದುಕಿಯರು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಹತ್ತಿರ ಹೋಗಿ, ಕೇಳಿ, ಮುಖ ತೆಗೆಯುತ್ತೇನೆ. ಸಾಧಾರಣ ಚಿತ್ರಗಳು. ಯಾವ ಸ್ಪರ್ಧೆಯಲ್ಲೂ ಮೂರನೆಯ ಬಹುಮಾನವೂ ಬಾರದು. ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಮುಟ್ಟಿಸುತ್ತೇನೆ. ಅಷ್ಟು ನಿಯಮ ಇಟ್ಟುಕೊಂಡಿದ್ದೇನೆ. ಯಾವುದಕ್ಕೂ ಕೆಂಪು ಗೀಟು ಹಾಕುವುದಿಲ್ಲ.

ಹೋದ ತಿಂಗಳು ಆಕೆಯೇ ಹೇಳಿಕಳುಹಿಸಿದಳು. ಅವನ ಪಕ್ಕದ ಮೊಳೆಗೆ ತನ್ನದೂ ಒಂದು ಬೇಕಂತೆ. ಈಗಲೇ ತೆಗೆದಿಟ್ಟರೆ ಆಮೇಲೆ ಯಾರೂ ಹುಡುಕಬೇಕಾಗಿಲ್ಲ. ಹೋದಾಗ ಮಗ್ಗುಲಿನ ಗೋಡೆಗೆ ಕುರ್ಚಿ ಹಾಕಿಕೊಂಡು, ಹೊಸ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಕುಳಿತಿದ್ದಳು. ಮೊದಲು ಮೊಬೈಲಿನಲ್ಲಿ ಒಂದು ತೆಗೆದು ಅಲ್ಲಿಯೇ ತೋರಿಸಿದೆ. ಆಕೆಯನ್ನು ಇನ್ನೊಮ್ಮೆ ಕಾಯಿಸುವ ಧೈರ್ಯ ನನಗಿರಲಿಲ್ಲ. ಆಮೇಲೆ ಕ್ಲಿಕ್ಕನ್ನು ತೆಗೆದೆ. ಆಕೆ ಪೆಟ್ಟಿಗೆಯನ್ನು ಗುರುತಿಸಿದಳೋ ಏನೋ, ಸೆರಗು ಸರಿಮಾಡಿಕೊಂಡು, ನೆಟ್ಟಗೆ ನನ್ನ ಕಡೆ ನೋಡಿದಳು.

“ಮುಖ ಕಾಂಬ್ ಹಾಂಗ್ ತೆಗಿ, ಮಾಣಿ” ಎಂದಳು.

ತೆಗೆದಿದ್ದೇನೆ. ಕೆಂಪು ಕಿಟಕಿಯಲ್ಲಿ ಎಂಟು ಹೋಗಿ ಒಂಬತ್ತು ಬಂದಿದೆ. ಇನ್ನು ನಾಲ್ಕು ಮುಗಿದ ಮೇಲೆ, ಮಡಕೆಯಲ್ಲಿ ನೀರಿಟ್ಟು, ಒಂದು ರಾತ್ರಿ ತೊಳೆಯಬೇಕು.